ಬಿಸಿಲಿಗೆ ಕಪ್ಪಾಗುವ ಫಿಲ್ಮ್: ಯಿಟ್ರಿಯಂ ಆಕ್ಸಿಹೈಡ್ರೈಡ್ ಮಾಡುವುದು, ಅಳೆಯುವುದು ಹೇಗೆ – ಸಮಗ್ರ ಮಾರ್ಗದರ್ಶಿ

ಒಂದು ಗಾಜಿನ ಸ್ಲೈಡ್. ನಸುಹಳದಿ, ಆದರೆ ಆಚೆ ಕಡೆ ಇರೋದೆಲ್ಲ ಸ್ವಚ್ಛ ಕಾಣುತ್ತದೆ. ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ ಬಿಸಿಲಿಗೆ ಅರ್ಧ ತಾಸು ಇಟ್ಟು ಕೆಳಗೆ ತಂದೆ. ಕೂಲಿಂಗ್ ಗ್ಲಾಸ್ ಥರ ಬೂದು ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಫೋನ್ ಎತ್ತೋಕೆ ಹೋದೆ, ಅಷ್ಟರಲ್ಲಿ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಗಾಜಿಗೆ ಹೊಗಿ ಹತ್ತೇತಲ್ಲೋ, ತಿಕ್ಕಿ ತೊಳೀಲೇನು?" ಅಂದಳು. ಕೈಯಲ್ಲಿ ಪಾತ್ರೆ ತಿಕ್ಕೋ ನಾರು ಬೇರೆ. ಓಡಿ ಹೋಗಿ ಕಸಿದುಕೊಂಡೆ. ಮೂರು ವಾರದ ಕೆಲಸ ಆ ನಾರಿನ ಒಂದೇ ತಿಕ್ಕಿಗೆ ಹೋಗುತ್ತಿತ್ತು. ಎರಡು ದಿನ ಕತ್ತಲಲ್ಲಿ ಇಟ್ಟ ಮೇಲೆ ಆ "ಹೊಗೆ" ತಾನೇ ಹೋಯಿತು.

ಆ ಗಾಜಿನ ಮೇಲಿದ್ದದ್ದು ಯಿಟ್ರಿಯಂ ಆಕ್ಸಿಹೈಡ್ರೈಡ್, ಅಂದರೆ ಯಿಟ್ರಿಯಂ ಲೋಹ, ಆಮ್ಲಜನಕ, ಹೈಡ್ರೋಜನ್ ಸೇರಿದ ವಸ್ತುವಿನ ತೆಳು ಪದರ. ಈ ಫಿಲ್ಮ್ ಮಾಡೋದು ಹೇಗೆ, ಅಳೆಯೋದು ಹೇಗೆ, ಎಲ್ಲೆಲ್ಲಿ ಎಡವುತ್ತೇವೆ ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ಎಂ.ಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್.ಡಿ ಶುರು ಮಾಡಿದವರು, ಕಾಲೇಜಿನಲ್ಲಿ ಸ್ಪಟರಿಂಗ್ ಮಷಿನ್ (ನಿರ್ವಾತದಲ್ಲಿ ಲೋಹದ ಬಿಲ್ಲೆಯಿಂದ ಪರಮಾಣು ಎಬ್ಬಿಸಿ ಗಾಜಿನ ಮೇಲೆ ಪದರ ಕೂರಿಸೋ ಯಂತ್ರ) ಇದ್ದೂ ಅದರಲ್ಲಿ ಬರೀ ತಾಮ್ರ, ಅಲ್ಯೂಮಿನಿಯಂ ಹಾಕಿ ಬೇಜಾರಾದವರು, ನಿಮಗಾಗಿ ಇದು. ಮಷಿನ್ ಇಲ್ಲದವರು ಯಾರ ಹತ್ತಿರವಾದರೂ ಒಂದು ಸ್ಯಾಂಪಲ್ ಇಸ್ಕೊಂಡು ಅಳೆಯುವ ಭಾಗದಿಂದ ಓದಬಹುದು. ಅದಕ್ಕೆ ಖರ್ಚು ಕಡಿಮೆ, ಮಜಾ ಜಾಸ್ತಿ.

ಏನಿದು, ಏನಲ್ಲ

1996ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಗ್ರೀಸೆನ್ ಅವರ ತಂಡ ಒಂದು ವಿಚಿತ್ರ ತೋರಿಸಿತು. ಯಿಟ್ರಿಯಂ ಫಿಲ್ಮ್‌ಗೆ ಹೈಡ್ರೋಜನ್ ಕುಡಿಸುತ್ತಾ ಹೋದರೆ ಕನ್ನಡಿಯಂಥ ಲೋಹ ಪಾರದರ್ಶಕ ಆಗಿಬಿಡುತ್ತದೆ. ಒಂದು ಯಿಟ್ರಿಯಂಗೆ ಎರಡು ಹೈಡ್ರೋಜನ್ ಇದ್ದರೆ ಲೋಹ, ಮೂರಾದರೆ ಹಳದಿ ಗಾಜು. 2011ರಲ್ಲಿ ನಾರ್ವೆಯ ಶೆಲ್ಲರ್‌ನಲ್ಲಿರುವ ಇಂಧನ ತಂತ್ರಜ್ಞಾನ ಸಂಸ್ಥೆಯ ಮಾಂಗ್‌ಸ್ಟಾಡ್ ಮತ್ತು ಜೊತೆಗಾರರು ಆಮ್ಲಜನಕ ಸೇರಿದ ಯಿಟ್ರಿಯಂ ಹೈಡ್ರೈಡ್ ಫಿಲ್ಮ್ ಮಾಮೂಲಿ ಉಷ್ಣತೆಯಲ್ಲೇ ಬೆಳಕಿಗೆ ಕಪ್ಪಾಗಿ, ಕತ್ತಲಲ್ಲಿ ತಿಳಿಯಾಗುತ್ತದೆ ಅಂತ ಪ್ರಕಟಿಸಿದರು. 2017ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ ಗ್ಯಾಡೊಲಿನಿಯಂ, ಡಿಸ್ಪ್ರೋಸಿಯಂ, ಎರ್ಬಿಯಂನಲ್ಲೂ ಇದೇ ಆಗುತ್ತದೆ ಅಂತ ತೋರಿಸಿತು.

ಯಿಟ್ರಿಯಂ ಹೆಸರಿಗೆ ವಿರಳ ಭಸ್ಮ (ರೇರ್ ಅರ್ತ್) ಲೋಹ. ಆದರೆ ಭೂಮಿಯ ಹೊರಪದರದಲ್ಲಿ ಸೀಸಕ್ಕಿಂತ ಯಿಟ್ರಿಯಂ ಜಾಸ್ತಿ ಇದೆ. ಒಂದೇ ಕಡೆ ಗುಡ್ಡೆಯಾಗಿ ಸಿಗೋದಿಲ್ಲ, ಬೇರ್ಪಡಿಸೋದು ಕಷ್ಟ, ಅದಕ್ಕೇ ಆ ಹೆಸರು, ಆ ರೇಟು.

ಒಳಗಿನ ಲೆಕ್ಕ ಸರಳ. ಯಿಟ್ರಿಯಂ ಹತ್ತಿರ ಕೊಡೋಕೆ ಮೂರು ಎಲೆಕ್ಟ್ರಾನ್ ಇವೆ. ಒಂದು ಆಮ್ಲಜನಕ ಎರಡು ತಗೊಳ್ಳುತ್ತದೆ, ಒಂದು ಹೈಡ್ರೋಜನ್ ಒಂದು ತಗೊಳ್ಳುತ್ತದೆ. ಅಂದರೆ ಒಂದು ಆಮ್ಲಜನಕ ಒಳಗೆ ಬಂದರೆ ಎರಡು ಹೈಡ್ರೋಜನ್‌ಗೆ ಜಾಗ ಇಲ್ಲ. ಒಂದು ಯಿಟ್ರಿಯಂಗೆ ಸುಮಾರು ಅರ್ಧದಿಂದ ಒಂದು ಆಮ್ಲಜನಕ ಇದ್ದಾಗ ಬಣ್ಣ ಚೆನ್ನಾಗಿ ಬದಲಾಗುತ್ತದೆ. ಒಂದೂವರೆ ಆದರೆ ಅದು ಬರೀ ಯಿಟ್ರಿಯಂ ಆಕ್ಸೈಡ್. ಬಿಸಿಲಲ್ಲಿ ವರ್ಷಗಟ್ಟಲೆ ಇಟ್ಟರೂ ಕಪ್ಪಾಗಲ್ಲ. ಮುಂದೆ ಬರೋ ಎಲ್ಲ ತಂಟೆಯೂ ಈ ಆಮ್ಲಜನಕ ಎಷ್ಟು, ಯಾವಾಗ ಒಳಗೆ ಹೋಯಿತು ಅನ್ನೋದರ ಸುತ್ತ.

ಒಂದು ಗೊಂದಲ ಈಗಲೇ ಬಿಡಿಸಿಬಿಡುತ್ತೇನೆ. ನಿಯೋಡಿಮಿಯಂ ಹಾಕಿದ ಗಾಜು ಬಿಸಿಲಲ್ಲಿ ನೇರಳೆಯಾಗಿ, ಟ್ಯೂಬ್‌ಲೈಟ್ ಕೆಳಗೆ ನೀಲಿಯಾಗಿ ಕಾಣುತ್ತದೆ. ಅದೂ ವಿರಳ ಭಸ್ಮವೇ, ಆದರೆ ಅಲ್ಲಿ ಗಾಜು ಬದಲಾಗಿಲ್ಲ, ಮೇಲೆ ಬೀಳೋ ಬೆಳಕು ಬದಲಾಗಿದೆ ಅಷ್ಟೇ. ನಮ್ಮ ಫಿಲ್ಮ್‌ನಲ್ಲಿ ವಸ್ತುವೇ ಬದಲಾಗುತ್ತದೆ, ಬೆಳಕು ಆರಿಸಿದ ಮೇಲೂ ಕಪ್ಪು ಉಳಿಯುತ್ತದೆ.

ಸಾಮಾನು

ಯಿಟ್ರಿಯಂ ಟಾರ್ಗೆಟ್ (ಮಷಿನ್ ಒಳಗೆ ಹಾಕೋ ಲೋಹದ ಬಿಲ್ಲೆ), 99.9 ಶೇಕಡಾ ಶುದ್ಧತೆ, 2 ಇಂಚಿನದು ಸಾಕು. ನಿರ್ವಾತ ಪ್ಯಾಕ್ ಒಡೆಯದೆ ಬಂದಿದೆಯಾ ಅಂತ ಪಾರ್ಸೆಲ್ ತಂದವನ ಮುಂದೆಯೇ ನೋಡಿ. ನನಗೊಮ್ಮೆ ಬಂದ ಟಾರ್ಗೆಟ್‌ನ ಚೀಲಕ್ಕೆ ಸೂಜಿಮೊನೆಯಷ್ಟು ತೂತಿತ್ತು, ಮೇಲ್ಮೈ ತುಂಬಾ ಬೂದಿ ಬಳಿದ ಹಾಗೆ ಬಿಳಿಚಿತ್ತು. ವಾಪಸ್ ತಗೊಳ್ಳಲ್ಲ ಅಂದರು. ಆ ಪದರ ತೆಗೆಯೋಕೆ ಎರಡು ತಾಸು ಸುಮ್ನೆ ಸ್ಪಟರ್ ಮಾಡಬೇಕಾಯಿತು.

ಆರ್ಗಾನ್, ಹೈಡ್ರೋಜನ್, ಎರಡೂ 99.999. ಆರ್ಗಾನ್ ಏಳು ಪಾಲು, ಹೈಡ್ರೋಜನ್ ಒಂದು ಪಾಲು ಅಂತ ಶುರು ಮಾಡಿ. ಹೈಡ್ರೋಜನ್ ವಿಷಯದಲ್ಲಿ ತಮಾಷೆ ಬೇಡ. ಗಾಳಿಯಲ್ಲಿ 4ರಿಂದ 75 ಶೇಕಡಾವರೆಗೆ ಎಷ್ಟೇ ಇದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣೋದೂ ಇಲ್ಲ. ಪಂಪಿನ ಹೊಗೆಕೊಳವೆ ಕಿಟಕಿಯಾಚೆ ಹೋಗಿರಲಿ, ಸೋರಿಕೆ ತೋರಿಸುವ ಯಂತ್ರ ಇರಲಿ, ಸಿಲಿಂಡರ್‌ಗೆ ಸರಪಳಿ ಇರಲಿ. ಇವು ಇಲ್ಲ ಅಂದರೆ ಈ ಪ್ರಯೋಗ ಬೇಡ. ಬೇರೆ ಪ್ರಾಜೆಕ್ಟ್ ಬೇಕಾದಷ್ಟಿವೆ.

ಗಾಜಿಗೆ ಮೈಕ್ರೋಸ್ಕೋಪ್ ಸ್ಲೈಡ್ ಸಾಕು. ಎಕ್ಸ್‌ಆರ್‌ಡಿಗೆ (ಎಕ್ಸ್-ಕಿರಣದಿಂದ ಹರಳಿನ ಜಾಲ ನೋಡೋ ಪರೀಕ್ಷೆ) ಕಳಿಸೋಕೆ ಒಂದೆರಡು ಸಿಲಿಕಾನ್ ಚೂರು ಜೊತೆಗೆ ಇಡಿ.

ಬೆಳಕಿಗೆ ಟಾರ್ಚ್, ಅಂದರೆ 395 ನ್ಯಾನೊಮೀಟರ್ ತರಂಗದೂರದ ಎಲ್‌ಇಡಿ ಬ್ಯಾಟರಿ. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ, "ಖೋಟಾ ನೋಟ್ ನೋಡೋದೇನ್ರಿ ಸರ?" ಅಂತಾರೆ. ಹೂಂ ಅನ್ನಿ, ಅದೇ. ಯಿಟ್ರಿಯಂ ಫಿಲ್ಮ್ ತೋರಿಸಬೇಕು ಅಂತ ವಿವರಿಸೋಕೆ ಹೋಗಿ ಅರ್ಧ ತಾಸು ಕಳೆದವನು ನಾನು.

ಗಾಜು ತೊಳೆಯುವುದು

ಸೋಪಿನ ನೀರು, ಆಮೇಲೆ ಡಿಸ್ಟಿಲ್ಡ್ ವಾಟರ್, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್, ಪ್ರತಿಯೊಂದರಲ್ಲೂ ಅಲ್ಟ್ರಾಸಾನಿಕ್‌ನಲ್ಲಿ 10 ನಿಮಿಷ, ಕೊನೆಗೆ ನೈಟ್ರೋಜನ್ ಊದಿ ಒಣಗಿಸಿ. ಎಲ್ಲರಿಗೂ ಗೊತ್ತಿರೋದೇ. ನಮ್ಮ ಕಡೆಯವರಿಗೆ ಒಂದೇ ಮಾತು: ಬೋರ್‌ವೆಲ್ ನೀರು ಯಾವ ಹಂತದಲ್ಲೂ ತಾಗಬಾರದು. ಗದಗ ಕಡೆ ಬೋರಿನ ನೀರಿಗೆ ಬಕೆಟ್ ತಳದಲ್ಲಿ ಬಿಳಿ ಪದರ ಕಟ್ಟೋದು ನೋಡಿದ್ದೀರಲ್ಲ, ಅದೇ ಪದರ ಸ್ಲೈಡ್ ಮೇಲೂ ಕಟ್ಟುತ್ತದೆ. ಕಣ್ಣಿಗೆ ಕಾಣದಿದ್ದರೂ ಫಿಲ್ಮ್ ಅಲ್ಲೇ ಸಿಪ್ಪೆ ಏಳುತ್ತದೆ.

ಛೇಂಬರ್ ಒಳಗೆ

ನಿರ್ವಾತ 10⁻⁴ ಪಾಸ್ಕಲ್‌ಗಾದರೂ ಇಳಿಯಲಿ. ಇನ್ನೂ ಕೆಳಗೆ ಹೋದರೆ ಒಳ್ಳೆಯದು. ಯಿಟ್ರಿಯಂಗೆ ಆಮ್ಲಜನಕ ಅಂದರೆ ಪ್ರಾಣ. ಛೇಂಬರ್ ಗೋಡೆಗೆ ಅಂಟಿದ ತೇವದಿಂದಲೂ ಕಿತ್ತುಕೊಳ್ಳುತ್ತದೆ. ಧಾರವಾಡದ ಜುಲೈ ಮಳೆಯಲ್ಲಿ ಛೇಂಬರ್ ಬಾಗಿಲನ್ನು ಹತ್ತು ನಿಮಿಷ ತೆಗೆದಿಟ್ಟರೆ ಪಂಪು ಇಡೀ ರಾತ್ರಿ ದುಡಿಯಬೇಕು. ಸ್ಲೈಡ್ ಎಲ್ಲ ಸಿದ್ಧ ಮಾಡಿಕೊಂಡು ಬಾಗಿಲು ತೆಗೆಯಿರಿ, ಇಟ್ಟು ತಕ್ಷಣ ಮುಚ್ಚಿ. ಹೊರಗೋಡೆಗೆ ಬಿಸಿ ಪಟ್ಟಿ ಸುತ್ತಿ ಒಂದೆರಡು ತಾಸು ಕಾಯಿಸಿದರೆ ತೇವ ಬೇಗ ಬಿಡುತ್ತದೆ.

ಶಟರ್ (ಟಾರ್ಗೆಟ್ ಮತ್ತು ಗಾಜಿನ ನಡುವಿನ ಮುಚ್ಚಳ) ಮುಚ್ಚಿಟ್ಟು, ಬರೀ ಆರ್ಗಾನ್‌ನಲ್ಲಿ ಟಾರ್ಗೆಟ್ ಸ್ವಚ್ಛ ಮಾಡಿ. 15-20 ನಿಮಿಷ ಅಂತ ಬರೆದಿರುತ್ತಾರೆ, ಆದರೆ ಗಡಿಯಾರ ನೋಡಬೇಡಿ, ವೋಲ್ಟೇಜ್ ನೋಡಿ. ಆಕ್ಸೈಡ್ ಇರೋವರೆಗೆ ವೋಲ್ಟೇಜ್ ಕಡಿಮೆ ಇರುತ್ತದೆ, ಲೋಹ ಹೊರಬಂದಂತೆ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೆ ಹೈಡ್ರೋಜನ್ ಬಿಡಿ, ಇನ್ನೊಂದು ಐದು ನಿಮಿಷ ಕಾಯಿರಿ, ಆಮೇಲೆ ಶಟರ್ ತೆಗೆಯಿರಿ.

ಒತ್ತಡ: ಇಲ್ಲೇ ಇಡೀ ಕಥೆ

ಇದನ್ನ ನಿಧಾನಕ್ಕೆ ಓದಿ. ಛೇಂಬರ್ ಒಳಗೆ ತಯಾರಾಗೋದು ಆಕ್ಸಿಹೈಡ್ರೈಡ್ ಅಲ್ಲ. ಅಲ್ಲಿ ಆಗೋದು ಯಿಟ್ರಿಯಂ ಡೈಹೈಡ್ರೈಡ್ (ಒಂದು ಯಿಟ್ರಿಯಂಗೆ ಎರಡು ಹೈಡ್ರೋಜನ್), ಅಪ್ಪಟ ಲೋಹ. ಆಮ್ಲಜನಕ ಬರೋದು ಬಾಗಿಲು ತೆಗೆದ ಮೇಲೆ, ಗಾಳಿಯಿಂದ. ಫಿಲ್ಮ್ ಒಳಗೆ ಗಾಳಿ ಹೋಗೋಕೆ ಸಣ್ಣ ಸಣ್ಣ ಸಂದಿ ಇದ್ದರೆ ಮಾತ್ರ ಅದು ಒಳಗೆ ಹೋಗುತ್ತದೆ. ಆ ಸಂದಿ ಇರುತ್ತವೋ ಇಲ್ಲವೋ ಅಂತ ತೀರ್ಮಾನ ಮಾಡೋದು ಸ್ಪಟರಿಂಗ್ ಒತ್ತಡ.

ಒತ್ತಡ ಕಡಿಮೆ ಇದ್ದರೆ ಟಾರ್ಗೆಟ್‌ನಿಂದ ಹೊರಟ ಪರಮಾಣು ದಾರಿಯಲ್ಲಿ ಹೆಚ್ಚು ಢಿಕ್ಕಿ ಹೊಡೆಯದೆ ಜೋರಾಗಿ ಬಂದು ಬೀಳುತ್ತದೆ. ಫಿಲ್ಮ್ ಒತ್ತೊತ್ತಾಗಿ ಕೂರುತ್ತದೆ, ಗಚ್ಚು ಹಾಕಿದ ಗೋಡೆ ಥರ. ಒತ್ತಡ ಜಾಸ್ತಿ ಇದ್ದರೆ ದಾರಿಯಲ್ಲಿ ಆರ್ಗಾನ್‌ಗೆ ಗುದ್ದಿ ಗುದ್ದಿ ಸುಸ್ತಾಗಿ ಬಂದು ಬಿದ್ದಲ್ಲೇ ಕೂರುತ್ತದೆ, ಸಂದಿಗಳು ಉಳಿಯುತ್ತವೆ. ಅರ್ಧ ಪಾಸ್ಕಲ್‌ನಲ್ಲಿ ಎರಡು ಗುದ್ದುಗಳ ನಡುವಿನ ದೂರ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಿಮ್ಮ ಟಾರ್ಗೆಟ್‌ನಿಂದ ಗಾಜು 10 ಸೆಂಟಿಮೀಟರ್ ದೂರ ಇದ್ದರೆ ಎಷ್ಟು ಸಲ ಗುದ್ದುತ್ತದೆ ನೋಡಿ.

ಒಂದು ಗಡಿ ಒತ್ತಡ ಇದೆ. ಅದರ ಕೆಳಗೆ ಮಾಡಿದ ಫಿಲ್ಮ್ ಗಾಳಿಗೆ ಬಂದರೂ ಕಪ್ಪು ಲೋಹವಾಗೇ ಉಳಿಯುತ್ತದೆ, ಅದರ ಮೇಲೆ ಮಾಡಿದ್ದು ಪಾರದರ್ಶಕ ಆಗುತ್ತದೆ. ಯಿಟ್ರಿಯಂಗೆ ಇದು ಸುಮಾರು 0.4 ಪಾಸ್ಕಲ್ ಆಸುಪಾಸು. ಆದರೆ ಈ ಅಂಕಿಯನ್ನ ಕಣ್ಣು ಮುಚ್ಚಿ ನಂಬಬೇಡಿ, ಟಾರ್ಗೆಟ್ ದೂರ ಬದಲಾದರೆ ಗಡಿಯೂ ಬದಲಾಗುತ್ತದೆ, ಮಷಿನ್ ಬದಲಾದರಂತೂ ಕೇಳೋದೇ ಬೇಡ. ನೀವೇ ಹುಡುಕಿ: 0.3, 0.5, 0.7, 1.0 ಪಾಸ್ಕಲ್‌ನಲ್ಲಿ ಒಂದೊಂದು ಫಿಲ್ಮ್. ಉಳಿದದ್ದೆಲ್ಲ ಅಷ್ಟೇ ಇರಲಿ, 100 ವ್ಯಾಟ್, ಗಾಜಿಗೆ ಬಿಸಿ ಬೇಡ, ದಪ್ಪ 300 ನ್ಯಾನೊಮೀಟರ್ ಸುತ್ತಮುತ್ತ. ಗಡಿಗಿಂತ ಸ್ವಲ್ಪವೇ ಮೇಲೆ ಮಾಡಿದ್ದು ಎಲ್ಲಕ್ಕಿಂತ ಜಾಸ್ತಿ ಕಪ್ಪಾಗುತ್ತದೆ. ಒತ್ತಡ ಏರಿಸಿದಷ್ಟೂ ಆಮ್ಲಜನಕ ಜಾಸ್ತಿ, ಹಳದಿ ಕಡಿಮೆ, ಕಪ್ಪಾಗೋದೂ ಕಡಿಮೆ.

ಗೇಜ್ ಬಗ್ಗೆ ಒಂದು ಎಚ್ಚರಿಕೆ. ಪಿರಾನಿ ಗೇಜ್ ಅನಿಲದ ಶಾಖ ಒಯ್ಯುವ ಗುಣದ ಮೇಲೆ ಒತ್ತಡ ಹೇಳುತ್ತದೆ. ಹೈಡ್ರೋಜನ್ ಶಾಖವನ್ನ ಭಾಳ ಚೆನ್ನಾಗಿ ಒಯ್ಯುತ್ತದೆ, ಹಾಗಾಗಿ ಗೇಜ್ ಸುಳ್ಳು ಹೇಳುತ್ತದೆ. ಅನಿಲ ಯಾವುದೇ ಇದ್ದರೂ ಸರಿ ತೋರಿಸುವ ಕೆಪ್ಯಾಸಿಟೆನ್ಸ್ ಗೇಜ್ ನೋಡಿ ಬರೆದುಕೊಳ್ಳಿ. ನಾನು ಮೊದಲ ಆರು ಫಿಲ್ಮ್ ಪಿರಾನಿ ನಂಬಿ ಮಾಡಿದೆ. ಆರಕ್ಕಾರೂ ಕಪ್ಪು ಕನ್ನಡಿ. ಹಾಸ್ಟೆಲ್ ಹುಡುಗ ಒಬ್ಬ ಅದರಲ್ಲಿ ಮುಖ ನೋಡಿಕೊಂಡು ಕೂದಲು ಬಾಚಿದ. ಅಷ್ಟಾದರೂ ಉಪಯೋಗ ಆಯ್ತಲ್ಲ.

ದಪ್ಪ ತಿಳಿಯೋಕೆ ಸ್ಲೈಡಿನ ತುದಿಗೆ ಮೊದಲೇ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಆಮೇಲೆ ಆ ಗೆರೆಯನ್ನ ಅಸಿಟೋನ್‌ನಲ್ಲಿ ಒರೆಸಿದರೆ ಅಲ್ಲಿ ಮೆಟ್ಟಿಲು ಸಿಗುತ್ತದೆ, ಮೇಲ್ಮೈಯ ಏರಿಳಿತ ಅಳೆಯೋ ಪ್ರೊಫೈಲೋಮೀಟರ್‌ನಲ್ಲಿ ಅಳೆಯಬಹುದು.

ಗಾಳಿ ಬಿಡುವುದು

ಹೆಚ್ಚಿನವರು ಇದನ್ನ ಹೆಜ್ಜೆ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ. ಪ್ಲಾಸ್ಮಾ ಆರಿಸಿ, ವೆಂಟ್ ತಿರುಗಿಸಿ, ಸ್ಲೈಡ್ ತೆಗೆದು ಕ್ಯಾಂಟೀನಿಗೆ ಹೋಗುತ್ತಾರೆ. ಫಿಲ್ಮ್ ಅರ್ಧ ತಯಾರಾಗೋದೇ ಈಗ.

ಒಂದು ತಾಸು ತಣ್ಣಗಾಗಲು ಬಿಡಿ. ಒಣ ಗಾಳಿಯನ್ನ ನಿಧಾನಕ್ಕೆ ಒಳಗೆ ಬಿಡಿ, ಪ್ರತಿ ಸಲ ಒಂದೇ ರೀತಿ. ಸೂಜಿ ವಾಲ್ವ್ ಎಷ್ಟು ಸುತ್ತು, ಎಷ್ಟು ನಿಮಿಷ, ಅವತ್ತಿನ ತೇವಾಂಶ ಎಷ್ಟು, ಬರೆಯಿರಿ. ಮೇ ತಿಂಗಳಲ್ಲಿ ಮಾಡಿದ್ದಕ್ಕೂ ಜುಲೈನಲ್ಲಿ ಮಾಡಿದ್ದಕ್ಕೂ ಫರಕು ಯಾಕೆ ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಕಿಟಕಿ ಇರೋ ಛೇಂಬರ್ ಆಗಿದ್ದರೆ ಕಣ್ಣು ತೆಗೆಯಬೇಡಿ. ಮೊದಲು ನೀಲಿ ಮಿಶ್ರಿತ ಕಪ್ಪು ಹೊಳಪು ಇರುತ್ತದೆ. ಗಾಳಿ ತಾಗಿದಂತೆ ಹೊಳಪು ಮಾಸುತ್ತದೆ, ಆಮೇಲೆ ಅಂಚಿನಲ್ಲಿ ಹಿಂದಿನ ಗಾಜು ಕಾಣಿಸಿಕೊಳ್ಳುತ್ತದೆ, ಕೊನೆಗೆ ಇಡೀ ಸ್ಲೈಡ್ ಹಳದಿ ಹಿಡಿದು ಪಾರದರ್ಶಕ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಛೇಂಬರ್ ಗೋಡೆಗೆ ಹತ್ತಿದ ಪುಡಿಯ ಬಗ್ಗೆ ಹುಷಾರು. ಸಣ್ಣ ಹೈಡ್ರೈಡ್ ಪುಡಿಗೆ ಬೆಂಕಿ ಹತ್ತಬಹುದು. ಬಾಗಿಲು ತೆಗೆದ ಕೂಡಲೇ ಕೆರೆಯಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಅಂತೂ ಹತ್ತಿರ ತರಲೇಬೇಡಿ.

ಕತ್ತಲು, ಮತ್ತೆ ಒಂದು ಸಣ್ಣ ಲೆಕ್ಕ

ಹೊಸ ಫಿಲ್ಮನ್ನ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಕನಿಷ್ಠ 24 ತಾಸು ಇಡಿ. ಆಮೇಲೆ ಮೊದಲ ಅಳತೆ.

ಇಷ್ಟು ಕತ್ತಲು ಯಾಕೆ? 1240ನ್ನ ತರಂಗದೂರದಿಂದ ಭಾಗಿಸಿ, ಬೆಳಕಿನ ಕಣದ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. 395 ನ್ಯಾನೊಮೀಟರ್ ಬ್ಯಾಟರಿಗೆ 3.14. ಕೆಂಪು ಲೇಸರ್ 650ಕ್ಕೆ 1.91. ಯಿಟ್ರಿಯಂ ಫಿಲ್ಮ್ ಕಪ್ಪಾಗೋಕೆ ಸುಮಾರು 2.6ಕ್ಕಿಂತ ಜಾಸ್ತಿ ಬೇಕು. ಈಗ ಲ್ಯಾಬಿನ ಬಿಳಿ ಎಲ್‌ಇಡಿ ಬಲ್ಬ್ ಲೆಕ್ಕ ಹಾಕಿ: ಅದರೊಳಗಿನ ನೀಲಿ 450 ನ್ಯಾನೊಮೀಟರ್, ಅಂದರೆ 2.76. ದಾಟಿತು ಗಡಿ! ಕಿಟಕಿ ಗಾಜೂ 400ರ ಬೆಳಕನ್ನ ಆರಾಮಾಗಿ ಒಳಗೆ ಬಿಡುತ್ತದೆ. ಅಂದರೆ ಮೇಜಿನ ಮೇಲೆ ಸುಮ್ನೆ ಇಟ್ಟ ಫಿಲ್ಮೂ ನಿಮಗೆ ಗೊತ್ತಿಲ್ಲದೆ ಕಪ್ಪಾಗುತ್ತಾ ಇರುತ್ತದೆ. ಗ್ಯಾಡೊಲಿನಿಯಂ, ಡಿಸ್ಪ್ರೋಸಿಯಂ ಫಿಲ್ಮ್‌ಗಳಿಗೆ ಬೇಕಾದ ಶಕ್ತಿ ಇನ್ನೂ ಕಡಿಮೆ, ಅಲ್ಲಿ ಇನ್ನೂ ಹುಷಾರಿರಬೇಕು.

ನನ್ನ "ಬೆಳಕೇ ತೋರಿಸದ" ಹೋಲಿಕೆ ಸ್ಯಾಂಪಲ್ ಎರಡು ವಾರ ಕಿಟಕಿ ಪಕ್ಕದ ಕಪಾಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಡಬ್ಬಿ ಪಾರದರ್ಶಕ. ಇನ್ನೇನು ಹೇಳಲಿ.

ಕೆಲಸ ಮಾಡೋವಾಗ ರೂಮಿಗೆ ಕೆಂಪು ಬಲ್ಬ್ ಹಾಕಿಕೊಳ್ಳಿ, ಹಳೇ ಫೋಟೋ ಸ್ಟುಡಿಯೋದ ಡಾರ್ಕ್ ರೂಮ್ ಥರ.

ಮೊದಲ ಪರೀಕ್ಷೆ, ಮಾಳಿಗೆ ಮೇಲೆ

ಕಪ್ಪು ಡ್ರಾಯಿಂಗ್ ಹಾಳೆಯಲ್ಲಿ ಬ್ಲೇಡಿನಿಂದ ಒಂದು ಅಕ್ಷರ ಕತ್ತರಿಸಿ. ನಾನು "ಧಾ" ಕತ್ತರಿಸಿದ್ದೆ, ಒತ್ತು ಕತ್ತರಿಸೋದರಲ್ಲಿ ಎರಡು ಹಾಳೆ ಹರಿದವು. ಹಾಳೆಯನ್ನ ಫಿಲ್ಮ್ ಮೇಲೆ ಕ್ಲಿಪ್ ಹಾಕಿ ಬಿಸಿಲಿಗೆ ಇಡಿ. ಅರ್ಧ ತಾಸಿಗೆ ಹಾಳೆ ತೆಗೆದರೆ ಅಕ್ಷರ ಗಾಜಿನಲ್ಲಿ ಬೂದು ಬಣ್ಣದಲ್ಲಿ ಮೂಡಿರುತ್ತದೆ. ಅಂಚು ಚೂಪಾಗಿ, ಶಾಯಿ ಇಲ್ಲದೆ ಅಚ್ಚು ಹಾಕಿದ ಹಾಗೆ. ಪಾರದರ್ಶಕತೆ ಎಲ್ಲ ಬಣ್ಣದಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಇಳಿಯೋದರಿಂದ ಆಚೆಗಿನ ಬಣ್ಣ ಕೆಡೋದಿಲ್ಲ. ಕಿಟಕಿ ಗಾಜಿಗೆ ಇದು ಒಳ್ಳೆಯದು ಅಂತ ಜನ ಹಿಂದೆ ಬಿದ್ದಿರೋದೂ ಅದಕ್ಕೇ.

ಏಪ್ರಿಲ್ ಮಧ್ಯಾಹ್ನ ಮಾಡಿದರೆ ನಿರಾಸೆ ಆಗಬಹುದು. ಬಿಸಿಲು ಕಪ್ಪು ಮಾಡುತ್ತದೆ, ಬಿಸಿ ತಿಳಿ ಮಾಡುತ್ತದೆ, ಎರಡೂ ಒಟ್ಟಿಗೇ ನಡೆಯುತ್ತವೆ. ಕಾದ ಸಿಮೆಂಟ್ ಮೇಲೆ ನೇರ ಇಡಬೇಡಿ, ದಪ್ಪ ಅಲ್ಯೂಮಿನಿಯಂ ತುಂಡನ್ನು ನೆರಳಲ್ಲಿ ತಣ್ಣಗೆ ಮಾಡಿ ಅದರ ಮೇಲೆ ಇಡಿ.

ಸರಿಯಾಗಿ ಅಳೆಯುವುದು

ಸ್ಪೆಕ್ಟ್ರೋಫೋಟೋಮೀಟರ್ (ಒಂದೊಂದು ಬಣ್ಣದ ಬೆಳಕು ಎಷ್ಟು ದಾಟುತ್ತದೆ ಅಂತ ಅಳೆಯೋ ಯಂತ್ರ) ಇದ್ದರೆ 450ರಿಂದ 1000 ನ್ಯಾನೊಮೀಟರ್‌ವರೆಗಿನ ಪಾರದರ್ಶಕತೆಯ ಸರಾಸರಿ ತಗೊಳ್ಳಿ. ಒಂದೇ ತರಂಗದೂರ ನೋಡಿದರೆ ಫಿಲ್ಮ್ ದಪ್ಪದಿಂದ ಬರೋ ಅಲೆಗಳು ದಾರಿ ತಪ್ಪಿಸುತ್ತವೆ. ಯಂತ್ರ ಯಾವ ಬಗೆ ಅಂತಲೂ ಕೇಳಿ. ಒಂದೊಂದೇ ಬಣ್ಣ ಬಿಟ್ಟು ಅಳೆಯೋ ಹಳೇ ಬಗೆ ಒಳ್ಳೆಯದು. ಪೂರ್ತಿ ಬಿಳಿ ಬೆಳಕನ್ನ ಸ್ಯಾಂಪಲ್ ಮೇಲೆ ಸುರಿದು ಆಮೇಲೆ ಬಣ್ಣ ಬೇರ್ಪಡಿಸೋ ಬಗೆಯಲ್ಲಿ ಅತಿನೇರಳೆಯೂ ಸುರಿಯುತ್ತದೆ. ಅಳೆಯೋಕೆ ಹೋದ ಯಂತ್ರವೇ ಫಿಲ್ಮನ್ನ ಕಪ್ಪು ಮಾಡುತ್ತದೆ!

ನನ್ನ ಇಷ್ಟದ್ದು ಮನೆಯಲ್ಲೇ ಕಟ್ಟಿದ ಸೆಟಪ್. 650 ನ್ಯಾನೊಮೀಟರ್ ಲೇಸರ್, ಬೆಳಕನ್ನ ಕರೆಂಟ್ ಮಾಡೋ ಬಿಪಿಡಬ್ಲ್ಯೂ 34 ಫೋಟೋಡಯೋಡ್, ಓದು ಬರೆದುಕೊಳ್ಳೋಕೆ ಆರ್ಡುಯಿನೊ ಬೋರ್ಡ್, ಒಂದು ರಟ್ಟಿನ ಡಬ್ಬಿ ಒಳಗೆ ಕಪ್ಪು ಬಣ್ಣ. ಕೆಂಪು ಲೇಸರ್ ಶಕ್ತಿ 1.91 ಮಾತ್ರ, ಅದು ಫಿಲ್ಮನ್ನ ಕಪ್ಪು ಮಾಡಲ್ಲ, ಬರೀ ನೋಡುತ್ತದೆ. ಡಯೋಡನ್ನ 5 ವೋಲ್ಟ್‌ಗೆ ಉಲ್ಟಾ ಹಚ್ಚಿ, ಸರಣಿಯಲ್ಲಿ ಒಂದು ರೆಸಿಸ್ಟರ್. 1 ಮಿಲಿವ್ಯಾಟ್ ಲೇಸರ್‌ಗೆ 10 ಕಿಲೋ ಓಮ್ ಹಾಕಿದರೆ ಸುಮಾರು 4 ವೋಲ್ಟ್ ಬರುತ್ತದೆ. ಬರೀ ಗಾಜಿಟ್ಟಾಗ 4 ವೋಲ್ಟ್ ಹತ್ತಿರ ಇರೋ ಹಾಗೆ ರೆಸಿಸ್ಟರ್ ಹೊಂದಿಸಿ, 5 ಮುಟ್ಟಿದರೆ ಓದು ಅಲ್ಲೇ ಸಿಕ್ಕಿಬೀಳುತ್ತದೆ. ಲೇಸರನ್ನ ಸೆಲ್ ಮೇಲೆ ನಡೆಸಬೇಡಿ, ಸೆಲ್ ಇಳಿದಂತೆ ಬೆಳಕೂ ಇಳಿದು ಫಿಲ್ಮ್ ಕಪ್ಪಾಗುತ್ತಿದೆ ಅನ್ನೋ ಭ್ರಮೆ ಹುಟ್ಟುತ್ತದೆ. ಸ್ಥಿರ ಸಪ್ಲೈ ಕೊಟ್ಟು 15 ನಿಮಿಷ ಕಾಯಿಸಿ.

ಡಯೋಡ್ ಮುಂದೆ ಕೆಂಪು ಜಿಲೇಟಿನ್ ಹಾಳೆ ಎರಡು ಪದರ ಹಚ್ಚಿ, ಗಣಪತಿ ಮಂಟಪಕ್ಕೆ ಹಚ್ಚುತ್ತಾರಲ್ಲ, ಅದೇ. ಆಮೇಲೆ ಲೇಸರ್ ಆರಿಸಿ, 395ರ ಬ್ಯಾಟರಿ ಹಚ್ಚಿ ಓದು ನೋಡಿ. ಸೊನ್ನೆ ಹತ್ತಿರ ಇರಬೇಕು. ಇಲ್ಲ ಅಂದರೆ ಬ್ಯಾಟರಿಯ ಬೆಳಕೂ ಡಯೋಡಿಗೆ ನುಗ್ಗುತ್ತಿದೆ, ಪ್ರತಿ ಓದಿನ ಹೊತ್ತಿಗೆ ಬ್ಯಾಟರಿಯನ್ನ ಅರ್ಧ ಸೆಕೆಂಡ್ ಆರಿಸೋ ಹಾಗೆ ಆರ್ಡುಯಿನೊಗೇ ಹೇಳಿ. ಬ್ಯಾಟರಿಯನ್ನೂ ಲೇಸರನ್ನೂ ನೇರ ನೋಡಬೇಡಿ, ರಕ್ಷಣೆಯ ಕನ್ನಡಕ ಹಾಕ್ಕೊಳ್ಳಿ.

ಈಗ ಒಂದು ಉದಾಹರಣೆ. ಕತ್ತಲಲ್ಲಿ ಇಟ್ಟ ಫಿಲ್ಮ್ ಪಾರದರ್ಶಕತೆ 72 ಶೇಕಡಾ. ಅರ್ಧ ತಾಸು ಬೆಳಕು ಕೊಟ್ಟ ಮೇಲೆ 50. ಇಳಿದದ್ದು 22, ಅದನ್ನ 72ರಿಂದ ಭಾಗಿಸಿದರೆ ಸುಮಾರು 30 ಶೇಕಡಾ. ಇದು ನಿಮ್ಮ ಕಪ್ಪಾಗುವ ಅಂಕಿ. ಬ್ಯಾಟರಿ ಆರಿಸಿ, ಲೇಸರ್ ಮಾತ್ರ ಬಿಟ್ಟು ಏರೋದನ್ನ ನೋಡಿ. 22ರ ಅಂತರ ಅದರ 37 ಶೇಕಡಾಕ್ಕೆ, ಸುಮಾರು 8ಕ್ಕೆ ಇಳಿದಾಗ, ಅಂದರೆ ಪಾರದರ್ಶಕತೆ 64 ಆದಾಗ, ಎಷ್ಟು ಹೊತ್ತು ಕಳೆದಿದೆಯೋ ಅದು ತಿಳಿಯಾಗುವ ಕಾಲ. ಜೊತೆಗೆ ಉಷ್ಣತೆ, ಫಿಲ್ಮ್ ದಪ್ಪ ಬರೆಯದಿದ್ದರೆ ಎರಡೂ ಅಂಕಿಗೆ ಅರ್ಥ ಇಲ್ಲ. ದಪ್ಪ ಫಿಲ್ಮ್ ಜಾಸ್ತಿ ಕಪ್ಪಾಗಲೇಬೇಕು, ಅದು ಒಳ್ಳೇ ಫಿಲ್ಮ್ ಅಂತಲ್ಲ.

ಫಿಲ್ಮ್‌ಗೆ ನೆನಪಿದೆ

ಅಳತೆ ಮುಗೀತು ಅಂತ ಅದೇ ಫಿಲ್ಮನ್ನ ಮರುದಿನ ಮತ್ತೆ ಕಪ್ಪು ಮಾಡಿ, ತಿಳಿಯಾಗೋಕೆ ಬಿಡಿ. ನಿನ್ನೆಯ ಗೆರೆ ಮೇಲೆ ಇವತ್ತಿನ ಗೆರೆ ಕೂರೋದಿಲ್ಲ. ಸುತ್ತು ಹೆಚ್ಚಾದಂತೆ, ಬೆಳಕಲ್ಲಿ ಹೆಚ್ಚು ಹೊತ್ತು ಇದ್ದಂತೆ, ತಿಳಿಯಾಗೋದು ನಿಧಾನ ಆಗುತ್ತದೆ. ನಾನು ಮೊದಲು ಸರ್ಕಿಟ್ ಬಿಚ್ಚಿ ಕಟ್ಟಿದೆ, ಲೇಸರ್ ಬದಲಿಸಿದೆ, ಆರ್ಡುಯಿನೊ ಬೈದೆ. ತಪ್ಪು ಅವುಗಳದ್ದಲ್ಲ. ಫಿಲ್ಮ್ ನಿನ್ನೆ ನೋಡಿದ ಬೆಳಕನ್ನ ಮರೆತಿರಲಿಲ್ಲ.

ಹಾಗಾಗಿ ಪ್ರತಿ ಸ್ಯಾಂಪಲ್‌ಗೂ ಒಂದು ಪುಟ ಇಡಿ. ಹುಟ್ಟಿದ ದಿನ, ಒತ್ತಡ, ಗಾಳಿ ಬಿಟ್ಟ ರೀತಿ, ಅದು ನೋಡಿದ ಪ್ರತಿ ಬೆಳಕು, ಎಷ್ಟು ನಿಮಿಷ. ಎರಡು ಫಿಲ್ಮ್ ಹೋಲಿಸಬೇಕಾದರೆ ಇಬ್ಬರದ್ದೂ ಮೊದಲನೇ ಸುತ್ತನ್ನೇ ಹೋಲಿಸಿ.

ಯಾಕೆ ಹೀಗಾಗುತ್ತದೆ ಅನ್ನೋದರ ಬಗ್ಗೆ ಇನ್ನೂ ಒಮ್ಮತ ಇಲ್ಲ. ಬೆಳಕು ಬಿದ್ದಾಗ ಹೈಡ್ರೋಜನ್ ಸರಿದಾಡಿ, ಒಳಗೆ ಅಲ್ಲಲ್ಲಿ ಚಿಕ್ಕ ಚಿಕ್ಕ ಲೋಹದ ಕಣಗಳು, ಅಂದರೆ ಮತ್ತೆ ಡೈಹೈಡ್ರೈಡ್, ಹುಟ್ಟುತ್ತವೆ ಅನ್ನೋದು ಒಂದು ವಾದ. ಬೆಳಕಲ್ಲಿ ಹರಳಿನ ಜಾಲ ಸ್ವಲ್ಪ ಕುಗ್ಗೋದು ಕಂಡಿದೆ. ಫಿಲ್ಮ್ ಬೆಳಕಲ್ಲಿ ಆಮ್ಲಜನಕ ಹೊರಬಿಟ್ಟು ಕತ್ತಲಲ್ಲಿ ಒಳಗೆ ಎಳೆದುಕೊಳ್ಳುತ್ತದೆ, ಉಸಿರಾಡಿದ ಹಾಗೆ, ಅನ್ನೋದು ಇನ್ನೊಂದು ವಾದ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ, ಏಕೆಂದರೆ ಬೂದು ಬಣ್ಣ ಎಲ್ಲ ತರಂಗದೂರಕ್ಕೂ ಹರಡಿರೋದು ಲೋಹದ ಕಣಗಳ ಲಕ್ಷಣ. ಆದರೆ ಪರೀಕ್ಷೆಯಲ್ಲಿ ಹೀಗೆ ಖಚಿತವಾಗಿ ಬರೆಯಬೇಡಿ.

ಎಕ್ಸ್‌ಆರ್‌ಡಿ ನೋಡುವಾಗ

ತಾಮ್ರದ ಎಕ್ಸ್-ಕಿರಣದಲ್ಲಿ ಡೈಹೈಡ್ರೈಡ್‌ನ ಮುಖ್ಯ ಶಿಖರ 29.7 ಡಿಗ್ರಿ ಹತ್ತಿರ ಬರುತ್ತದೆ. ಆಕ್ಸಿಹೈಡ್ರೈಡ್ ಆದರೆ ಜಾಲ ಹಿಗ್ಗಿ 28.9 ಹತ್ತಿರಕ್ಕೆ ಸರಿಯುತ್ತದೆ. ತೊಂದರೆ ಏನಂದರೆ ಯಿಟ್ರಿಯಂ ಆಕ್ಸೈಡ್‌ನ ದೊಡ್ಡ ಶಿಖರ 29.15ರಲ್ಲಿ ಬಂದು ಮಧ್ಯೆ ಕೂರುತ್ತದೆ. ಸ್ಯಾಂಪಲ್ ಅರ್ಧ ಮಿಲಿಮೀಟರ್ ಮೇಲೆ ಕೂತಿದ್ದರೂ ಶಿಖರ ಅಷ್ಟು ಸರಿಯುತ್ತದೆ. ಸಿಲಿಕಾನ್ ಚೂರಿನ ಶಿಖರದಿಂದ ಅಳತೆ ಸರಿಮಾಡಿಕೊಳ್ಳದೆ "ಆಕ್ಸಿಹೈಡ್ರೈಡ್ ಬಂತು" ಅಂತ ಘೋಷಣೆ ಮಾಡಬೇಡಿ. ಕಪ್ಪಾಗುತ್ತದೋ ಇಲ್ಲವೋ ನೋಡಿ, ಅದೇ ಮೊದಲ ಸಾಕ್ಷಿ.

ಕೈಕೊಟ್ಟಾಗ

ಫಿಲ್ಮ್ ಕಪ್ಪು ಕನ್ನಡಿಯಾಗೇ ಉಳಿಯಿತು: ಒತ್ತಡ ಗಡಿಗಿಂತ ಕೆಳಗಿದೆ, ಏರಿಸಿ. ನೀರಿನಷ್ಟು ತಿಳಿ, ಬಿಸಿಲಿಗೂ ಜಪ್ಪಯ್ಯ ಅನ್ನಲ್ಲ: ಆಮ್ಲಜನಕ ಜಾಸ್ತಿ. ಒತ್ತಡ ಇಳಿಸಿ. ಅದಕ್ಕೂ ಸರಿ ಹೋಗದಿದ್ದರೆ ಛೇಂಬರ್ ಸೋರುತ್ತಿದೆ. ಪಂಪ್ ವಾಲ್ವ್ ಮುಚ್ಚಿ ಒತ್ತಡ ಎಷ್ಟು ಬೇಗ ಏರುತ್ತದೆ ನೋಡಿ. ಸ್ಲೈಡಿನ ಒಂದು ತುದಿ ಕಪ್ಪು, ಇನ್ನೊಂದು ತುದಿ ತಿಳಿ ಬಂದರೆ ಬಿಸಾಡಬೇಡಿ, ಗಡಿ ನಿಮ್ಮ ಸ್ಲೈಡ್ ಮೇಲೆಯೇ ಇದೆ, ಅದೃಷ್ಟ ನಿಮ್ಮದು. ಮಧ್ಯೆ ಕರೆಂಟ್ ಹೋಗಿ ಪ್ಲಾಸ್ಮಾ ಆರಿದರೆ ಮುಂದುವರಿಸಬೇಡಿ, ಎರಡು ಪದರದ ಫಿಲ್ಮ್ ಆಗುತ್ತದೆ. ಅದನ್ನ ತೆಗೆದಿಟ್ಟು ಹೊಸದು ಹಾಕಿ.

ಎರಡು ತಿಂಗಳ ಹಿಂದೆ ಚೆನ್ನಾಗಿ ಕಪ್ಪಾಗುತ್ತಿದ್ದದ್ದು ಈಗ ಮಂಕಾಗಿದ್ದರೆ ಗಾಳಿ ಇನ್ನೂ ಒಳಗೆ ಹೋಗುತ್ತಲೇ ಇದೆ ಅಂತ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇರೋ ಡಬ್ಬಿ ಬೇಕೇ ಬೇಕು. ನಾನು ಬಳಸೋದು ಪೇಢಾ ಡಬ್ಬಿ. ತುಪ್ಪದ ಜಿಡ್ಡು ಹೋಗೋವರೆಗೆ ತೊಳೆದು ಒಣಗಿಸಿ, ಒಳಗೆ ಕಪ್ಪು ಹಾಳೆ, ಹೊರಗೆ ಫಾಯಿಲ್, ಮೂಲೆಗೆ ಜೆಲ್ ಪುಡಿಕೆ. ಮುಚ್ಚಳದ ಮೇಲೆ ಸ್ಯಾಂಪಲ್ ನಂಬರ್, ಕೊನೆಯ ಸಲ ಬೆಳಕು ಕಂಡ ತಾರೀಕು, ಮತ್ತೆ ದಪ್ಪ ಅಕ್ಷರದಲ್ಲಿ "ತೊಳೆಯಬೇಡಿ".